ಫಲಕದಲ್ಲಿ ಒಂದು ಪದ ಜಾಸ್ತಿ

1930ರ ದಶಕದ ಲಂಡನ್. ಎಲ್ಲರಿಗೂ ಸರ್ಕಾರವೇ ಚಿಕಿತ್ಸೆ ಕೊಡಬೇಕು ಅಂತ ಮೆರವಣಿಗೆಗಳು ನಡೆಯುತ್ತಿದ್ದ ಕಾಲ. ಅಂಥದ್ದೊಂದು ಮೆರವಣಿಗೆಗೆ ಆರ್ಚಿ ಕಾಕ್ರನ್ ಅನ್ನೋ ಮೆಡಿಕಲ್ ವಿದ್ಯಾರ್ಥಿ ತನ್ನದೇ ಫಲಕ ಹಿಡಿದುಕೊಂಡು ಬಂದ. ಚಿಕಿತ್ಸೆ ಉಚಿತವಾಗಲಿ ಅನ್ನೋದು ಎಲ್ಲರ ಬೇಡಿಕೆ. ಇವನ ಫಲಕದಲ್ಲಿ ಒಂದು ಪದ ಜಾಸ್ತಿ ಇತ್ತು: 'ಪರಿಣಾಮಕಾರಿ' ಚಿಕಿತ್ಸೆಯೆಲ್ಲ ಉಚಿತವಾಗಲಿ ಅಂತ. ಯಾರೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ನನಗೆ ಮಾತ್ರ ಆ ಪದದ ಮೇಲೆ ವಿಪರೀತ ಪ್ರೀತಿ. ಕೊಡ್ತಿರೋ ಔಷಧಿ ಕೆಲಸ ಮಾಡುತ್ತೆ ಅಂತ ನಿಮಗೆ ಹೇಗೆ ಗೊತ್ತು ಸ್ವಾಮಿ ಅಂತ ಮೇಷ್ಟ್ರನ್ನೇ ಕೇಳೋ ಪದ ಅದು. ಕೇಳಿದವನು ಇನ್ನೂ ಡಾಕ್ಟರೇ ಆಗಿರಲಿಲ್ಲ.

ಮುಂದೆ ಡಾಕ್ಟರಾದ, ಸೈನ್ಯ ಸೇರಿದ, 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಗ್ರೀಸ್‌ನ ಸಲೋನಿಕಾ ಶಿಬಿರದಲ್ಲಿ ಯುದ್ಧಕೈದಿಗಳಿಗೆ ಇವನೇ ಡಾಕ್ಟರ್. ಹೊಟ್ಟೆಗೆ ಸರಿಯಾಗಿ ಊಟವಿಲ್ಲ. ಒಬ್ಬೊಬ್ಬರಿಗೇ ಪಾದದಿಂದ ಮೇಲಕ್ಕೆ ನೀರು ತುಂಬಿ ಕಾಲು ಊದತೊಡಗಿತು. ಡಾಕ್ಟರ್ ಕಾಲೂ ಊದಿತ್ತು. ಇದು ವಿಟಮಿನ್ ಕೊರತೆಯ ಬೆರಿಬೆರಿ ಇರಬಹುದು ಅಂತ ಅವನ ಅನುಮಾನ. ಕಳ್ಳಸಂತೆಯಲ್ಲಿ ಒಂದಿಷ್ಟು ಯೀಸ್ಟ್ ಸಂಪಾದಿಸಿದ. ಇಪ್ಪತ್ತು ರೋಗಿಗಳನ್ನು ಆರಿಸಿ, ಹತ್ತು ಹತ್ತು ಜನರನ್ನು ಎರಡು ಕೋಣೆಗಳಲ್ಲಿ ಇಟ್ಟ. ಒಂದು ಕೋಣೆಗೆ ಯೀಸ್ಟ್, ಇನ್ನೊಂದಕ್ಕೆ ವಿಟಮಿನ್ ಸಿ. ಮೂತ್ರದ ಪ್ರಮಾಣ ಅಳೆಯೋಣ ಅಂದ್ರೆ ಬಕೆಟ್ ಇಲ್ಲ, ಹಾಗಾಗಿ ಎಷ್ಟು ಸಲ ಹೋದರು ಅಂತ ಎಣಿಸಿದ. ಮೊದಲೆರಡು ದಿನ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೇ ದಿನದ ಹೊತ್ತಿಗೆ ಯೀಸ್ಟ್ ಕೋಣೆಯ ಹತ್ತರಲ್ಲಿ ಎಂಟು ಜನ ಚೇತರಿಸಿಕೊಂಡಿದ್ದರು.

ಆ ಲೆಕ್ಕದ ಹಾಳೆ ಹಿಡಿದು ಜರ್ಮನ್ನರ ಮುಂದೆ ಹೋಗಿ ನಿಂತ. ಯೀಸ್ಟ್ ಬಂತು! ಕರುಣೆ ತೋರಿಸಿ ಅಂತ ಎಷ್ಟು ಬೇಡಿಕೊಂಡರೂ ಆಗದ ಕೆಲಸ ಹತ್ತು-ಹತ್ತರ ಲೆಕ್ಕದಿಂದ ಆಯ್ತು ಅಂತ ನಾನು ಅಂದುಕೊಳ್ಳುತ್ತೇನೆ. ತಮಾಷೆ ಅಂದ್ರೆ ಅವನ ಊಹೆಯೇ ತಪ್ಪಾಗಿತ್ತು, ಅದು ಬೆರಿಬೆರಿ ಅಲ್ಲ. ತಾನು ಮಾಡಿದ್ದರಲ್ಲೆಲ್ಲ ಅತಿ ಕಳಪೆ ಪ್ರಯೋಗ ಅದು ಅಂತ ವಯಸ್ಸಾದ ಮೇಲೆ ಅವನೇ ಬರೆದ.

1972ರಲ್ಲಿ ಕಾಕ್ರನ್ ಬರೆದ 'ಎಫೆಕ್ಟಿವ್‌ನೆಸ್ ಅಂಡ್ ಎಫಿಷಿಯೆನ್ಸಿ' ಅನ್ನೋ ಪುಟ್ಟ ಪುಸ್ತಕ ಇಯಾನ್ ಚಾಮರ್ಸ್ ಅನ್ನೋ ಯುವ ಡಾಕ್ಟರ ಕೈಗೆ ಸಿಕ್ಕಿತು. ಚಾಮರ್ಸ್ ಅದಕ್ಕೆ ಕೆಲ ವರ್ಷ ಮೊದಲು ಗಾಜಾದ ನಿರಾಶ್ರಿತರ ಶಿಬಿರದಲ್ಲಿ ಕೆಲಸ ಮಾಡಿ ಬಂದಿದ್ದರು. ದಡಾರ ವೈರಸ್‌ನಿಂದ ಬರೋದು, ಆಂಟಿಬಯಾಟಿಕ್ ಕೊಟ್ಟು ಪ್ರಯೋಜನವಿಲ್ಲ ಅಂತ ಮೆಡಿಕಲ್ ಕಾಲೇಜಿನಲ್ಲಿ ಕಲಿತಿದ್ದರು. ಆ ಪಾಠವನ್ನು ನಿಷ್ಠೆಯಿಂದ ಪಾಲಿಸಿದರು. ಕೆಲವು ಮಕ್ಕಳು ಸತ್ತುಹೋದವು. ದಡಾರದ ಬೆನ್ನಿಗೇ ಬರೋ ನ್ಯುಮೋನಿಯಾವನ್ನು ಆಂಟಿಬಯಾಟಿಕ್ ತಡೆಯಬಹುದು ಅಂತ ತೋರಿಸಿದ ಪ್ರಯೋಗಗಳು ಅಷ್ಟರಲ್ಲಾಗಲೇ ಅಚ್ಚಾಗಿದ್ದವು ಅನ್ನೋದು ಅವರಿಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಒಳ್ಳೆ ವಿದ್ಯಾರ್ಥಿ, ಪಾಠ ಚೆನ್ನಾಗಿ ಕಲಿತಿದ್ದರು. ಅದೇ ಭಯ ಹುಟ್ಟಿಸೋ ವಿಷಯ. ಹಳೆಯ ಪ್ರಯೋಗಗಳನ್ನೆಲ್ಲ ಹುಡುಕಿ, ಒಟ್ಟಿಗೆ ತೂಗಿ ನೋಡೋ ಕಾಕ್ರನ್ ಕೊಲಾಬೊರೇಷನ್ 1993ರಲ್ಲಿ ಶುರುವಾಗಿದ್ದರ ಹಿಂದೆ ಇದ್ದವರಲ್ಲಿ ಮುಖ್ಯರು ಇವರೇ. ಆ ಹೊತ್ತಿಗೆ ಕಾಕ್ರನ್ ತೀರಿಕೊಂಡು ಐದು ವರ್ಷವಾಗಿತ್ತು.

ಮೆಡಿಕಲ್ ಕಾಲೇಜಿಗೆ ಬಂದ ಮೇಲೆ ಹೇಳಿಕೊಟ್ಟರೆ ತಡವಾಯ್ತು ಅನ್ನೋ ಯೋಚನೆ ಆಮೇಲೆ ಬಂತು. 2016ರಲ್ಲಿ ಉಗಾಂಡಾದ 120 ಪ್ರಾಥಮಿಕ ಶಾಲೆಗಳ 10,000ಕ್ಕೂ ಹೆಚ್ಚು ಮಕ್ಕಳ ಜೊತೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಿಗೆ ಚಿತ್ರಕಥೆಯ ಪುಸ್ತಕ, ಉಳಿದವಕ್ಕೆ ಮಾಮೂಲಿ ಪಾಠ. ಪುಸ್ತಕದಲ್ಲಿರೋ ಒಂದು ಉದಾಹರಣೆ, ಸುಟ್ಟ ಗಾಯಕ್ಕೆ ಹಸುವಿನ ಸಗಣಿ ಹಚ್ಚಿದರೆ ವಾಸಿಯಾಗುತ್ತೆ ಅನ್ನೋ ಮಾತು. ಹಾಗಂದವರು ಯಾತಕ್ಕೆ ಹೋಲಿಸಿ ನೋಡಿದ್ದಾರೆ ಅಂತ ಮಕ್ಕಳು ಕೇಳಬೇಕು. ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚೋದನ್ನ ನೋಡ್ತಾ ಬೆಳೆದ ನನಗಂತೂ ಉಗಾಂಡಾ ದೂರದ ದೇಶ ಅನ್ನಿಸಲೇ ಇಲ್ಲ.

ಪರೀಕ್ಷೆಯಲ್ಲಿ ಪುಸ್ತಕ ಓದಿದ ಮಕ್ಕಳಲ್ಲಿ 69% ಪಾಸಾದರು. ಓದದವರಲ್ಲಿ 27%. ಪಾಠ ನಿಜಕ್ಕೂ ಕೆಲಸ ಮಾಡಿತಾ ಅನ್ನೋದನ್ನೂ ಕಾಕ್ರನ್ ತನ್ನ ಎರಡು ಕೋಣೆಗಳಲ್ಲಿ ಮಾಡಿದ ಹಾಗೆಯೇ, ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು.