ಗುಡಿಸಬೇಕಾದ ಇತಿಹಾಸ

ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಲ್ಲಿ ಬಾಕಿ ಬದಲಾದರೆ ಹಳೆಯ ಸಾಲನ್ನು ಯಾರೂ ಉಜ್ಜಿ ಅಳಿಸುವುದಿಲ್ಲ. ಅದಕ್ಕೊಂದು ಗೆರೆ ಹೊಡೆದು ಕೆಳಗೆ ಹೊಸದನ್ನು ಬರೆಯುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾಡುವುದೂ ಅದನ್ನೇ. ಸಾಲಿನ ಒಂದೇ ಒಂದು ಕಾಲಂ ಬದಲಾದರೂ ಇಡೀ ಸಾಲಿನ ಹೊಸ ಪ್ರತಿ ಹುಟ್ಟುತ್ತದೆ. ಹಳೆಯದು ಅಲ್ಲೇ ಬಿದ್ದಿರುತ್ತದೆ. ಆರ್ಡರ್‌ಗಳ ಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುವ ಟೇಬಲ್ ಊದಿಕೊಳ್ಳುವುದು, ಓದು ನಿಧಾನವಾಗುವುದು ಇದರಿಂದಲೇ.

ಇದು ಅಜಾಗರೂಕತೆಯಿಂದ ಆದದ್ದಲ್ಲ. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ತಂಡಕ್ಕೆ ಒಂದು ದೊಡ್ಡ ಆಸೆಯಿತ್ತು: ಯಾವುದನ್ನೂ ಅಳಿಸಬಾರದು, ಹಿಂದಿನ ಯಾವುದೇ ದಿನ ಡೇಟಾ ಹೇಗಿತ್ತೆಂದು ಕೇಳಿದರೆ ಉತ್ತರ ಸಿಗಬೇಕು. 'ವ್ಯಾಕ್ಯೂಮ್' ಎಂಬ ಕೆಲಸಗಾರ ಹಳೆಯ ಪ್ರತಿಗಳನ್ನು ಹೆಕ್ಕಿ ಆರ್ಕೈವ್‌ಗೆ ಸಾಗಿಸಬೇಕಿತ್ತು. 1997ರ 6.2 ಆವೃತ್ತಿಯಲ್ಲಿ ಆ ಕಾಲಯಾನದ ಸೌಲಭ್ಯವನ್ನೇ ಕೈಬಿಟ್ಟರು. ವೇಗಕ್ಕೂ ಜಾಗಕ್ಕೂ ಅದು ಭಾರವಾಗಿತ್ತು. ಕನಸು ಹೋಯಿತು, ಬರೆಯುವ ರೀತಿ ಉಳಿಯಿತು. ಇತಿಹಾಸವಾಗಬೇಕಿದ್ದದ್ದು ಕಸವಾಯಿತು, ಗ್ರಂಥಪಾಲಕ ಜಾಡಮಾಲಿಯಾದ.

ಹಾಗೆಂದು ನಷ್ಟವೇ ಆಗಲಿಲ್ಲ. 1999ರ 6.5ರಲ್ಲಿ ಇವೇ ಹಳೆಯ ಪ್ರತಿಗಳು ಬೇರೆ ರೀತಿಯಲ್ಲಿ ಕೆಲಸಕ್ಕೆ ಬಂದವು: ಒಬ್ಬರು ಬರೆಯುತ್ತಿದ್ದರೂ ಇನ್ನೊಬ್ಬರು ಕಾಯದೆ ಓದಬಹುದು. ಆದರೆ ಗುಡಿಸುವ ಹೊತ್ತಿಗೆ ಟೇಬಲ್‌ಗೆ ಬೀಗ ಬೀಳುತ್ತಿತ್ತು. 2002ರ 7.2 ಆ ಬೀಗ ತೆಗೆಯಿತು. 2005ರ 8.1ರಲ್ಲಿ ಸರ್ವರ್ ತಾನಾಗಿಯೇ ಗುಡಿಸಿಕೊಳ್ಳುವ ಏರ್ಪಾಡು ಒಳಗೇ ಬಂತು.

ಕಸಕ್ಕಿಂತ ದೊಡ್ಡ ತಲೆನೋವು ಇಂಡೆಕ್ಸ್‌ಗಳದು. ಹೊಸ ಪ್ರತಿ ಹೊಸ ಜಾಗದಲ್ಲಿರುವುದರಿಂದ, ಟೇಬಲ್ ಮೇಲೆ ಆರು ಇಂಡೆಕ್ಸ್ ಇದ್ದರೆ ಆರರಲ್ಲೂ ಹೊಸ ನಮೂದು ಬೇಕು, ಬದಲಾದ ಕಾಲಂ ಯಾವುದರಲ್ಲೂ ಇಲ್ಲದಿದ್ದರೂ! ಇದಕ್ಕೆ ಮದ್ದು ಬಂದದ್ದು 2008ರ 8.3ರಲ್ಲಿ. ಭಾರತದ ಪವನ್ ದೇವಲಸಿ ಮುಂದೆ ನಿಂತು ಮಾಡಿದ ಈ ಕೆಲಸದ ಹೆಸರು 'ಹಾಟ್'. ಇಂಡೆಕ್ಸ್ ಇರುವ ಕಾಲಂ ಬದಲಾಗದೆ, ಅದೇ 8 ಕೆಬಿ ಪುಟದಲ್ಲಿ ಜಾಗವೂ ಇದ್ದರೆ, ಹೊಸ ಪ್ರತಿಯನ್ನು ಹಳೆಯದರ ಬಾಲಕ್ಕೆ ಕಟ್ಟಿಬಿಡುತ್ತದೆ. ಇಂಡೆಕ್ಸ್‌ಗಳನ್ನು ಮುಟ್ಟುವುದೇ ಇಲ್ಲ. ಪುಟದಲ್ಲಿ ಜಾಗ ಉಳಿಸಲು ಫಿಲ್‌ಫ್ಯಾಕ್ಟರನ್ನು ನೂರರಿಂದ ಇಳಿಸಬೇಕು, ಅಷ್ಟೇ.

ಆದರೂ 2016ರಲ್ಲಿ ಉಬರ್ ಇಂಜಿನಿಯರುಗಳು ಮೈಎಸ್‌ಕ್ಯೂಎಲ್‌ಗೆ ಹೋದದ್ದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಈ ಹೆಚ್ಚುವರಿ ಬರವಣಿಗೆಯೂ ಒಂದು. ಅಲ್ಲಿನ ಇನ್ನೋಡಿಬಿಯಲ್ಲಿ ಉಳಿದ ಇಂಡೆಕ್ಸ್‌ಗಳು ಸಾಲಿನ ಜಾಗವನ್ನಲ್ಲ, ಪ್ರೈಮರಿ ಕೀಯನ್ನು ತೋರಿಸುತ್ತವೆ. ಸಾಲು ಸರಿದರೂ ಅವಕ್ಕೆ ಚಿಂತೆಯಿಲ್ಲ. ಹಳೆಯ ಪ್ರತಿ ಅಲ್ಲೂ ಇದೆ, ಅನ್‌ಡೂ ಎಂಬ ಬೇರೆ ಕೋಣೆಯಲ್ಲಿ.

ನಮ್ಮ ಪ್ರಾಜೆಕ್ಟುಗಳಲ್ಲಿ ಹಾಟ್‌ನ ಲಾಭ ಹೋಗುವುದು ಹೆಚ್ಚಾಗಿ ಒಂದೇ ಕಡೆ: ಪ್ರತಿ ಅಪ್‌ಡೇಟ್‌ಗೂ ಬದಲಾಗುವ 'ಕೊನೆಯ ಬದಲಾವಣೆಯ ಸಮಯ' ಕಾಲಂ. ಯಾವುದೋ ರಿಪೋರ್ಟ್‌ಗೆಂದು ಯಾರೋ ಅದರ ಮೇಲೆ ಬಿ-ಟ್ರೀ ಇಂಡೆಕ್ಸ್ ಹಾಕಿರುತ್ತಾರೆ.