ಊರ ಕೆಲಸಕ್ಕೆ ಚಂದಾ: ಎತ್ತುವವರು, ಕೊಡುವವರು ಇಬ್ಬರೂ ತಿಳಿದಿರಬೇಕಾದ ಮಾಹಿತಿ

ಪೇಟೆ ಬೀದಿಯ ಅಂಗಡಿಯವರಿಗೆ ರಸೀದಿ ಪುಸ್ತಕ ಹೊಸದಲ್ಲ. ಗಣಪತಿಗೆ, ಜಾತ್ರೆಗೆ, ಅಣ್ಣಮ್ಮನ ಉತ್ಸವಕ್ಕೆ, ರಾಜ್ಯೋತ್ಸವಕ್ಕೆ ಅಂತ ವರ್ಷವಿಡೀ ಯಾರಾದರೂ ಬರುತ್ತಲೇ ಇರುತ್ತಾರೆ. ಇದರ ನಡುವೆಯೇ ಒಂದು ದಿನ ಕಿಡ್ನಿ ಹೋದವರ ಡಯಾಲಿಸಿಸ್‌ಗೋ, ಸರ್ಕಾರಿ ಶಾಲೆಯ ಸೋರುವ ಚಾವಣಿಗೋ ಕೇಳಿಕೊಂಡು ಬರುತ್ತಾರೆ. ಹಿಂದಿನ ಸಲ ಕೊಟ್ಟ ಹಣ ಏನಾಯ್ತು ಅಂತ ಗೊತ್ತಿಲ್ಲದ ಅಂಗಡಿಯವರು ಈ ಸಲ "ನಾಳೆ ಬನ್ನಿ" ಅಂತಾರೆ. ಪೆಟ್ಟು ಬೀಳೋದು ಲೆಕ್ಕ ಕೊಡದೆ ಹೋದವರಿಗಲ್ಲ, ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗೆ. ಹಾಗಾಗಿ ಚಂದಾ ಎತ್ತುವ ಕ್ರಮ, ಕಾನೂನು, ಲೆಕ್ಕದ ಬಗ್ಗೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ನಮ್ಮಲ್ಲಿ ಹಳೆಯ ಪದ್ಧತಿ

ಊರವರು ಕೂಡಿ ಹಣ ಹಾಕಿ ಕೆಲಸ ಮಾಡೋದು ರಾಜ್ಯಕ್ಕೆ ಹೊಸದಲ್ಲ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು 1916ರಲ್ಲಿ ಶುರು ಮಾಡಿದ್ದು ಏಳು ಜನ ಶಿಕ್ಷಕರು. ಅದು ದಾನಿಗಳ ನೆರವಿನಿಂದ ಬೆಳೆಯಿತು. ತುಮಕೂರಿನ ಸಿದ್ಧಗಂಗಾ ಮಠದ ಮಕ್ಕಳ ದಾಸೋಹಕ್ಕೆ ರೈತರು ರಾಗಿ, ಅಕ್ಕಿ, ತರಕಾರಿ ತಂದು ಕೊಡುತ್ತಾ ಬಂದಿದ್ದಾರೆ.

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ತಮ್ಮ ಊರು ನ್ಯೂಪಡ್ಪುವಿಗೆ ಶಾಲೆ ತಂದರು. ದುಡಿದದ್ದರಲ್ಲಿ ಉಳಿಸಿ, ಕಚೇರಿಗಳಿಗೆ ಅಲೆದು, ದಾನಿಗಳನ್ನು ಕೇಳಿ ಕಟ್ಟಿದ ಶಾಲೆ ಅದು. ತಮಗೆ ಬಂದ ಪ್ರಶಸ್ತಿ ಹಣವನ್ನೂ ಶಾಲೆಗೇ ಹಾಕಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಉಡುಪಿಯಲ್ಲಿ ಕಟ್ಟಡ ಕೆಲಸದ ರವಿ ಕಟಪಾಡಿ ಕೃಷ್ಣಾಷ್ಟಮಿ ಸಮಯದಲ್ಲಿ ಭಾರಿ ವೇಷ ಹಾಕಿ, ಬಂದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತಾ ಬಂದಿದ್ದಾರೆ.

ಇವರಿಬ್ಬರೂ ಶ್ರೀಮಂತರಲ್ಲ. ಆದರೂ ಜನ ಕೊಟ್ಟರು. ಹಣ ಯಾವುದಕ್ಕೆ ಅಂತ ಮೊದಲೇ ಗೊತ್ತಿತ್ತು, ಅದಕ್ಕೇ ಹೋಯಿತು ಅನ್ನೋದೂ ಕಣ್ಣಿಗೆ ಕಾಣುತ್ತಿತ್ತು.

ಚಿಕಿತ್ಸೆಗೆ ಹಣ ಎತ್ತುವ ಮುನ್ನ

ಮೊದಲು ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತಾ ಅಂತ ನೋಡಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟು, ವರ್ಷಕ್ಕೆ ಒಟ್ಟು 1.5 ಲಕ್ಷದವರೆಗೆ ನೆರವು ಸಿಗುತ್ತೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಇದ್ದರೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಎಷ್ಟೋ ಮನೆಯವರು ರೆಫರಲ್ ವಿಷಯ ಗೊತ್ತಿಲ್ಲದೆ ಮೊದಲೇ ಒಡವೆ ಅಡ ಇಟ್ಟು ಹಣ ಕಟ್ಟಿರುತ್ತಾರೆ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ಬಿಲ್ಲು, ಡಿಸ್ಚಾರ್ಜ್ ಕಾಗದ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಕಡಿಮೆ ಬೀಳುವ ಮೊತ್ತಕ್ಕೆ ಮಾತ್ರ ಚಂದಾ ಎತ್ತಿದರೆ ಜನರಿಗೂ ಹೊರೆಯಾಗಲ್ಲ. ಆಸ್ಪತ್ರೆಯಿಂದ ಅಂದಾಜು ವೆಚ್ಚದ ಪತ್ರ ತೆಗೆದುಕೊಂಡು ಅದನ್ನು ತೋರಿಸಿ ಕೇಳುವುದು ಸರಿ. ರೋಗಿಯ ನೋಂದಣಿ ಸಂಖ್ಯೆ ಹಾಕಿ ಹಣವನ್ನು ನೇರವಾಗಿ ಆಸ್ಪತ್ರೆ ಖಾತೆಗೆ ಕಟ್ಟುವುದು ಇನ್ನೂ ಒಳ್ಳೆಯದು. ಇದಕ್ಕೆ ಇನ್ನೊಂದು ಕಾರಣವೂ ಇದೆ: ಸಂಬಂಧಿಕರಲ್ಲದವರಿಂದ ಒಬ್ಬರ ಸ್ವಂತ ಖಾತೆಗೆ ವರ್ಷದಲ್ಲಿ ಒಟ್ಟು 50 ಸಾವಿರ ರೂಪಾಯಿ ಮೀರಿ ಬಂದ ಹಣ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತೆ.

ಸರ್ಕಾರಿ ಶಾಲೆಗೆ ಕೊಡುವಾಗ

ಶಾಲೆಗೆ ಕೊಡುವ ಹಣ ಯಾರದೋ ಜೇಬಿಗೆ ಅಲ್ಲ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಖಾತೆಗೆ ಹೋಗಬೇಕು. ಈ ಖಾತೆಗೆ ಮುಖ್ಯಶಿಕ್ಷಕರು ಮತ್ತು ಸಮಿತಿ ಅಧ್ಯಕ್ಷರು ಇಬ್ಬರೂ ಸಹಿ ಹಾಕಬೇಕು. ಬೆಂಚು, ಪಂಖ, ಬಣ್ಣ, ನೀರಿನ ಫಿಲ್ಟರ್ ಹೀಗೆ ವಸ್ತು ರೂಪದಲ್ಲೂ ಕೊಡಬಹುದು. ಆಗ ದಾಸ್ತಾನು ಪುಸ್ತಕದಲ್ಲಿ ಬರೆಸಿಕೊಳ್ಳಿ.

ಪೋಷಕರಿಂದ ಹಣ ಕಡ್ಡಾಯ ಮಾಡುವಂತಿಲ್ಲ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯುವ ಬಗ್ಗೆ ಇಲಾಖೆ ಸುತ್ತೋಲೆ ಹೊರಡಿಸಿತ್ತು. ವಿರೋಧ ಬಂದ ಕೂಡಲೇ ಅದನ್ನು ವಾಪಸ್ ಪಡೆಯಬೇಕಾಯಿತು. ಮನಸ್ಸಿನಿಂದ ಕೊಟ್ಟರೆ ದೇಣಿಗೆ, ಇಲ್ಲದಿದ್ದರೆ ಅದು ಫೀಸು.

ಸಂಘವೋ, ಟ್ರಸ್ಟೋ?

ಒಂದೇ ಸಲದ ಸಣ್ಣ ಕೆಲಸಕ್ಕೆ ನೋಂದಣಿ ಇಲ್ಲದೆಯೂ ನಡೆಯುತ್ತೆ. ವರ್ಷವರ್ಷವೂ ಹಣ ಎತ್ತುವವರು ನೋಂದಣಿ ಮಾಡಿಸಿಕೊಳ್ಳುವುದು ಕ್ಷೇಮ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘಕ್ಕೆ ಕನಿಷ್ಠ 7 ಜನ ಬೇಕು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಟ್ರಸ್ಟ್ ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾಗುತ್ತೆ.

ನೋಂದಣಿ ಆಯ್ತು ಅಂದ ಮಾತ್ರಕ್ಕೆ ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಬೇರೆಯೇ ಅನುಮೋದನೆ ಬೇಕು. ಜನ ಇದನ್ನು "80ಜಿ" ಅಂತ ಕರೆಯುತ್ತಾರೆ. ಈ ಅನುಮೋದನೆ ಇದ್ದರೂ 2 ಸಾವಿರ ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಾಪಾರಿಗಳಿಗೂ ಇದು ಅನ್ವಯಿಸಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ದುಬೈ, ಅಮೆರಿಕದಿಂದ ಬರುವ ಹಣ

ಊರಿನವರು ಹೊರದೇಶದಲ್ಲಿ ಇದ್ದರೆ ಅವರಿಂದ ಒಳ್ಳೆಯ ಮೊತ್ತವೇ ಬರುತ್ತೆ. ಇಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು ಮುಖ್ಯ. ಭಾರತದ ಪೌರತ್ವ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕ, ಬ್ರಿಟನ್ ಪೌರತ್ವ ಪಡೆದವರು ಸಂಘಕ್ಕೆ ಕಳಿಸಿದರೆ ಅದು ವಿದೇಶಿ ದೇಣಿಗೆ, ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಇದಕ್ಕೆ 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ಮೊದಲೇ ನೋಂದಣಿ ಅಥವಾ ಅನುಮತಿ ಇರಬೇಕು. ಗೊತ್ತಿಲ್ಲದೆ ಪಡೆದರೂ ಸಂಘಕ್ಕೆ ತೊಂದರೆ.

ಅಂಗಡಿಯವರು ಕೇಳಬೇಕಾದ ಪ್ರಶ್ನೆಗಳು

• ಹಣ ಯಾವ ಕೆಲಸಕ್ಕೆ? ಒಟ್ಟು ಎಷ್ಟು ಬೇಕು? ಇಲ್ಲಿವರೆಗೆ ಎಷ್ಟು ಬಂದಿದೆ?
• ರಸೀದಿಗೆ ಕ್ರಮಸಂಖ್ಯೆ ಇದೆಯಾ? ಅವರ ಬಳಿ ಉಳಿಯುವ ಪ್ರತಿಯಲ್ಲೂ ಅದೇ ಮೊತ್ತ ಬರೆದಿದ್ದಾರಾ?
• ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಯಾರದ್ದು?
• ಹಣ ಉಳಿದರೆ ಏನು ಮಾಡ್ತೀರಿ?
• ಲೆಕ್ಕ ಯಾವಾಗ, ಎಲ್ಲಿ ಹಾಕ್ತೀರಿ?

ವಾಟ್ಸಾಪ್‌ನಲ್ಲಿ ಬರುವ ಮಗುವಿನ ಫೋಟೊ, ನಂಬರ್ ನೋಡಿ ಕೂಡಲೇ ಹಣ ಹಾಕಬೇಡಿ. ಆಸ್ಪತ್ರೆಗೆ ಒಂದು ಫೋನ್ ಮಾಡಿ ವಿಚಾರಿಸಿ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯ ಯಾವತ್ತೂ ಇರಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಚಂದಾ ಕೊಡದಿದ್ದರೆ ನೋಡಿಕೊಳ್ತೀವಿ ಅಂತ ಹೆದರಿಸಿ ಹಣ ಕಿತ್ತುಕೊಂಡರೆ ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 308ರ ಅಪರಾಧ. 112ಕ್ಕೆ ಕರೆ ಮಾಡಬಹುದು.

ಲೆಕ್ಕ ಹೇಗೆ ಕೊಡೋದು?

ಇದಕ್ಕೆ ಆಡಿಟರ್ ಬೇಕಂತಿಲ್ಲ. ಒಂದು ಹಾಳೆ ಸಾಕು. ಎಡಕ್ಕೆ ಬಂದ ಹಣ, ಬಲಕ್ಕೆ ಖರ್ಚು, ಕೆಳಗೆ ಉಳಿಕೆ, ಮೂವರ ಸಹಿ. ಪಂಚಾಯ್ತಿ ಬೋರ್ಡಿನಲ್ಲೋ, ದೇವಸ್ಥಾನ–ಮಸೀದಿ ಬಾಗಿಲಲ್ಲೋ, ಸಂತೆ ಮೈದಾನದ ಹೋಟೆಲ್ ಗೋಡೆಗೋ ಅಂಟಿಸಿದರೆ ಆಯ್ತು. 50 ರೂಪಾಯಿ ಕೊಟ್ಟ ಹೂವಿನವಳ ಹೆಸರೂ ಅದರಲ್ಲಿರಲಿ. ಹೆಸರು ಬೇಡ ಅಂದವರಿಗೆ ರಸೀದಿ ಸಂಖ್ಯೆ ಬರೆಯಿರಿ. ರೋಗಿಯ ಕಾಯಿಲೆ ವಿವರ ಮಾತ್ರ ಗೋಡೆ ಮೇಲೆ ಬೇಡ.

ರೋಗಿ ತೀರಿಕೊಂಡರೆ ಅಥವಾ ಹಣ ಹೆಚ್ಚಾದರೆ ಏನು ಅನ್ನೋದನ್ನು ಎತ್ತುವ ಮೊದಲೇ ತೀರ್ಮಾನಿಸಿ ಹೇಳಿಬಿಡಬೇಕು. ಆಮೇಲೆ ತೀರ್ಮಾನಿಸಲು ಕೂತಾಗಲೇ ಊರಲ್ಲಿ ಜಗಳ ಶುರುವಾಗೋದು. ಉಳಿದದ್ದನ್ನು ಇನ್ನೊಬ್ಬ ರೋಗಿಗೆ ಕೊಡುವುದಾದರೆ ಅದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಹಾಳೆ ಅಂಟಿಸಿದ ಗುಂಪು ಮುಂದಿನ ಸಲ ಬಂದಾಗ ಅಂಗಡಿಯವರು ಹೆಚ್ಚು ಪ್ರಶ್ನೆ ಕೇಳದೆ ಗಲ್ಲಾ ತೆಗೆಯುತ್ತಾರೆ. ಚಿಕಿತ್ಸೆಗೆ ಕಾಯುತ್ತಿರುವ ಮನೆಯವರಿಗೆ ಬೇಕಾಗಿರೋದೂ ಅದೇ.