ಶ್ರೀರಂಗಪಟ್ಟಣದ ತೋಪಿನ ಕಾರ್ಖಾನೆ

ಕ್ರಿ. ಶ. ೧೮೧೮ನೆಯ ಇಸವಿಯ ಏಪ್ರಿಲ್ ೧೦ರಂದು ಬೆಳಗಾವಿಯ ಕೋಟೆಯು ಥಾಮಸ್ ಮನ್ರೋನ ಕೈವಶವಾಯಿತು. ಕೋಟೆಯೊಳಗೆ ದೊರೆತ ದೊಡ್ಡ ತೋಪುಗಳು ೩೬, ಸಣ್ಣವು ೬೦. ಮುತ್ತಿಗೆ ಹಾಕಿದವನ ಬಳಿಯಲ್ಲಿ ಇಷ್ಟು ತೋಪುಗಳಿರಲಿಲ್ಲ. ಮಾರ್ಚ್ ೩೧ರಂದು ಅವನ ಮೋರ್ಚೆಯ ಮದ್ದಿನ ಸಂಗ್ರಹವೇ ಸಿಡಿದು ಹೋಗಿದ್ದಿತು. ಆದರೂ ಮೂರು ವಾರಗಳಲ್ಲಿ ಕೋಟೆಯು ಬಿದ್ದಿತು. ಅದಕ್ಕೆ ಮುಂಚೆ ಬಾದಾಮಿ, ಬಾಗಲಕೋಟೆಗಳು ಬಿದ್ದಿದ್ದವು. ಘಟಪ್ರಭೆಯ ಸೀಮೆಯಲ್ಲಿ ಈಗಿನ ಹುಕ್ಕೇರಿ ತಾಲೂಕಿನ ಪಾಶ್ಚಾಪುರವೂ ಶರಣಾಗಿದ್ದಿತು. ಕೋಟೆಯ ತೋಪುಗಳು ಕೊತ್ತಳದ ಮೇಲೆ ಕುಳಿತಲ್ಲಿಯೇ ಕುಳಿತಿದ್ದವು. ಮನ್ರೋನ ತೋಪುಗಳು ಊರಿಂದೂರಿಗೆ ನಡೆದು ಬಂದಿದ್ದವು. ಈ ನಡೆಯುವ ಶಕ್ತಿಯು ಎಲ್ಲಿಂದ ಬಂದಿತೆಂಬದನ್ನು ತಿಳಿಯಬೇಕಾದರೆ ಕಾವೇರಿಯ ದಂಡೆಯ ಶ್ರೀರಂಗಪಟ್ಟಣಕ್ಕೆ ಹೋಗಬೇಕು.

೧೭೯೯ರ ಮೇ ೪ರಂದು ಟಿಪೂ ಸುಲ್ತಾನನು ಮಡಿದ ಬಳಿಕ ಇಂಗ್ಲಿಷರು ಆ ಕೋಟೆಯ ಆಯುಧಗಳನ್ನು ಎಣಿಸಿದರು. ಕಂಚಿನವು, ಕಬ್ಬಿಣದವು ಎಲ್ಲ ಸೇರಿ ತೋಪುಗಳು ೯೨೯. ತೋಪುಗಳನ್ನು ಎರಕ ಹೊಯ್ಯುವ ಶಾಲೆಗಳು ಎರಡು. ನಳಿಗೆಗಳನ್ನು ಕೊರೆಯುವ ಯಂತ್ರಗಳಿದ್ದ ಕಟ್ಟಡಗಳು ಮೂರು. ಕೋವಿ ಮುಂತಾದವುಗಳನ್ನು ಸಿದ್ಧಪಡಿಸುವ ಶಾಲೆಗಳು ಹನ್ನೊಂದು. ಒಂದು ರಾಜಧಾನಿಯೇ ಕುಲುಮೆಯಾಗಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು.

ಕಂಚಿನ ತೋಪಿನ ಎರಕವು ಸಾಮಾನ್ಯ ಕೆಲಸವಲ್ಲ. ಸುಮಾರು ಹತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ. ತವರವು ಹೆಚ್ಚಾದರೆ ಲೋಹವು ಪೆಡಸಾಗಿ ಸೀಳುವದು. ಕಡಿಮೆಯಾದರೆ ಮೆತ್ತಗಾಗಿ ನಳಿಗೆಯು ಬೇಗನೆ ಸವೆಯುವದು. ಜೇಡಿಮಣ್ಣಿನ ಪಡಿಯಚ್ಚನ್ನು ಚೆನ್ನಾಗಿ ಒಣಗಿಸಿ, ಕುಣಿಯಲ್ಲಿ ನೆಟ್ಟಗೆ ನಿಲ್ಲಿಸಿ, ಕರಗಿದ ಲೋಹವನ್ನು ತಡೆಯಿಲ್ಲದೆ ಹೊಯ್ಯಬೇಕು. ಅಚ್ಚಿನಲ್ಲಿ ತೇವವು ಉಳಿದಿದ್ದರೆ ಹಬೆಯೆದ್ದು ಕೆಲಸಗಾರರ ಪ್ರಾಣಕ್ಕೇ ಸಂಚಕಾರ. ಗಟ್ಟಿಯಾಗಿ ಹೊಯ್ದ ತೋಪಿನ ಹೊಟ್ಟೆಯನ್ನು ಆಮೇಲೆ ಯಂತ್ರದಿಂದ ಕೊರೆಯುವದು ಹದಿನೆಂಟನೆಯ ಶತಮಾನದಲ್ಲಿ ಯುರೋಪಿನಲ್ಲಿ ಹಬ್ಬಿದ ಪದ್ಧತಿ. ಟಿಪೂವಿನ ಚಾಕರಿಯಲ್ಲಿ ಫ್ರೆಂಚ್ ಕುಶಲಿಗಳಿದ್ದರೆಂಬದು ನಿಜ. ಆದರೆ ತೋಪಿನ ಬಾಯಿಗೆ ಹುಲಿಯ ಮುಖವನ್ನು ತಿದ್ದುವ ಕಲ್ಪನೆಯು ಫ್ರಾನ್ಸಿನದಲ್ಲ. ಅಂತಹ ಕೆಲವು ತೋಪುಗಳು ಗೆದ್ದವರ ಸಂಗಡ ಕಡಲು ದಾಟಿ ಹೋಗಿ ಇಂದಿಗೂ ಬ್ರಿಟನ್ನಿನಲ್ಲಿ ನೋಡುವವರ ಕುತೂಹಲಕ್ಕೆ ವಸ್ತುವಾಗಿವೆ.

ಇಷ್ಟೆಲ್ಲ ಸಿದ್ಧವಾಗಿ ಕೈಗೆ ಬಂದಿರಲು ಕಂಪನಿಯವರು ಅಲ್ಲಿ ಏನನ್ನು ನಡೆಯಿಸಿದರು? ೧೮೦೨ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಅವರ ದೊಡ್ಡ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಆದರೆ ಅದು ತೋಪಿನ ಕಾರ್ಖಾನೆಯಲ್ಲ, ತೋಪಿನ ಗಾಡಿಯ ಕಾರ್ಖಾನೆ. ಕಂಚಿನ ತೋಪುಗಳನ್ನು ಹೊಯ್ಯುವ ಕೆಲಸವು ಅವರಿಗೆ ಕಲಕತ್ತೆಯಲ್ಲಿ ನಡೆಯುತ್ತಲಿದ್ದಿತು. ಕಬ್ಬಿಣದವು ಇಂಗ್ಲೆಂಡಿನಿಂದ ಬರುತ್ತಿದ್ದವು. ಗೆದ್ದ ನಾಡಿನ ಮಧ್ಯದಲ್ಲಿ ಎರಕದ ವಿದ್ಯೆಯನ್ನು ಜೀವಂತವಾಗಿಡುವದು ಅವರಿಗೆ ಬೇಕಾಗಿರಲಿಲ್ಲವೆಂದು ಊಹಿಸಿದರೆ ತಪ್ಪಾಗಲಾರದು. ಬೇಕಾದದ್ದು ಮೈಸೂರು ಕಾಡಿನ ತೇಗ, ಬಡಿಗನ ಕೈ, ಕಮ್ಮಾರನ ಹಳಿ, ಮತ್ತು ಎತ್ತು.

ಈ ಎತ್ತುಗಳ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳೇ ಟಿಪೂವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರನ್ನು ಪಡೆದವು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲು ನಡೆದದ್ದು ಈ ಎತ್ತುಗಳ ಬಲದಿಂದಲೇ ಎಂದು ಪ್ರಸಿದ್ಧಿಯಿದೆ. ೧೭೯೯ರ ತರುವಾಯ ಈ ಮಂದೆಗಳು ಮೈಸೂರು ಸರಕಾರದ ಪಾಲಿಗೆ ಬಂದು ಕ್ಷೀಣಿಸಲು, ೧೮೧೩ರಲ್ಲಿ ಕಂಪನಿಯವರು ಕ್ಯಾಪ್ಟನ್ ಹಾರ್ವೆಯ ಮೇಲ್ವಿಚಾರಣೆಯಲ್ಲಿ ಇವನ್ನು ತಾವೇ ವಹಿಸಿಕೊಂಡರು. ಮುಂದೆ ಸ್ಪೇನಿನ ಯುದ್ಧದಲ್ಲಿ ವೆಲಿಂಗ್ಟನ್ ಡ್ಯೂಕನು ಮೈಸೂರಿನ ಎತ್ತುಗಳು ತನ್ನಲ್ಲಿಲ್ಲವೆಂದು ಪೇಚಾಡಿದನಂತೆ.

ಆ ಡ್ಯೂಕನೇ ಆಗಿನ ಆರ್ಥರ್ ವೆಲ್ಲಸ್ಲಿ. ಎತ್ತು ಗಾಡಿಗಳ ಬೆಲೆಯನ್ನು ಅವನು ಕಲಿತದ್ದು ನಮ್ಮ ನಾಡಿನ ಹೊಳೆಗಳ ದಂಡೆಯಲ್ಲಿ. ೧೮೦೦ನೆಯ ಜುಲೈ ೩೦ರಂದು ಮುನವಳ್ಳಿಯ ಬಳಿಯಲ್ಲಿ ಧೋಂಡಿಯಾ ವಾಘನ ದಂಡು ತುಂಬಿದ ಮಲಪ್ರಭೆಯನ್ನು ದಾಟುತ್ತಿರಲು ಅವನು ಹಠಾತ್ತಾಗಿ ಮೇಲೆ ಬಿದ್ದನು. ಸಾವಿರಾರು ಜನರು ಹೊಳೆಯ ಪಾಲಾದರು. ದನಕರುಗಳ ಲೆಕ್ಕವೇ ಇಲ್ಲ. ತೋಪುಗಳು ಆಗಲೇ ಆಚೆಯ ದಡವನ್ನು ಸೇರಿದ್ದವು. ಆದರೆ ಎಳೆಯುವವರಿಲ್ಲದ ತೋಪು ಎಲ್ಲಿಗೆ ಓಡೀತು? ಸಿಪಾಯಿಗಳು ಈಜಿ ಹೋಗಿ ದೋಣಿಯನ್ನು ಹಿಡಿದು ಅವನ್ನೂ ಕೈಸೇರಿಸಿಕೊಂಡರು. ೧೮೦೩ರ ಮಾರ್ಚಿನಲ್ಲಿ ತುಂಗಭದ್ರೆಯನ್ನು ದಾಟಿದ ಅದೇ ವೆಲ್ಲಸ್ಲಿಯು ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳನ್ನು ಹಾಯ್ದು ಮಿರಜಿನ ಮಾರ್ಗವಾಗಿ ಏಪ್ರಿಲ್ ೨೦ಕ್ಕೆ ಪುಣೆಯನ್ನು ಮುಟ್ಟಿದನು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಪ್ಪು ನೆಲವನ್ನು ಬಲ್ಲವರಿಗೆ ಬೇಸಗೆಯನ್ನೇ ಅವನು ಹಿಡಿದುದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಹಿಡಿದ ಮೇಲೆ ಎರೆಯಲ್ಲಿ ಬರಿಯ ಬಂಡಿಯೇ ಹೂಳುವದು, ತೋಪಿನ ಗಾಡಿಯ ಪಾಡೇನು?

ಆದರೂ ಎತ್ತಿನ ಶಕ್ತಿಗೂ ಮಿತಿಯಿದೆ. ಅದೇ ವರ್ಷ ಸೆಪ್ಟೆಂಬರ್ ೨೩ರಂದು ಅಸಯೆಯ ರಣದಲ್ಲಿ ಸಿಂದೆಯ ತೋಪುಗಳು ಇಂಗ್ಲಿಷರ ಎತ್ತುಗಳನ್ನೂ ಗೋಲಂದಾಜರನ್ನೂ ಕೆಡವಿದುದರಿಂದ ವೆಲ್ಲಸ್ಲಿಯು ತನ್ನ ತೋಪುಗಳನ್ನು ಹಿಂದೆ ಬಿಟ್ಟು ಮುಂದುವರಿಯಬೇಕಾಯಿತು. ಸಿಂದೆಯ ಆ ತೋಪುಗಳು ಹಿಂದೂಸ್ಥಾನದಲ್ಲಿಯೇ ಹೊಯ್ದವು. ಗೆದ್ದವನೇ ಅವುಗಳನ್ನು ಮೆಚ್ಚಿಕೊಂಡನು. ದೇಶೀ ಎರಕವು ಕೀಳೆನ್ನುವವರು ಈ ಸಂಗತಿಯನ್ನು ಲಕ್ಷ್ಯದಲ್ಲಿಡುವದು ಒಳ್ಳೆಯದು.

ಶ್ರೀರಂಗಪಟ್ಟಣದ ಗಾಡಿಯ ಕಾರ್ಖಾನೆಯು ಮದ್ರಾಸು ಸೈನ್ಯಕ್ಕೆ ಗಾಡಿಗಳನ್ನು ಒದಗಿಸುತ್ತ ಇಪ್ಪತ್ತೆಂಟು ವರ್ಷಗಳ ವರೆಗೆ ನಡೆಯಿತು. ದ್ವೀಪದ ಹವೆಯು ಜ್ವರಕ್ಕೆ ಹೆಸರಾಗಿದ್ದಿತು. ಪಾಳೆಯವು ಬೆಂಗಳೂರಿಗೆ ಹೋಯಿತು. ೧೮೩೦ರಲ್ಲಿ ಕಾರ್ಖಾನೆಯೂ ಮದ್ರಾಸಿಗೆ ಹೋಯಿತು. ಅಮೃತಮಹಲಿನ ಮಂದೆಗಳು ೧೮೬೦ರಲ್ಲಿ ಮಾರಾಟವಾದವು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು ಮತ್ತೆ ಕಟ್ಟಬೇಕಾಯಿತು. ಬಡಿಗರು ಗಾಲಿಗಳ ಕೆಲಸಕ್ಕೆ ಎಲ್ಲಿಯಾದರೂ ಗಿರಾಕಿಗಳನ್ನು ಕಂಡಾರು. ತೋಪನ್ನು ಹೊಯ್ಯುವವನಿಗೆ ಅರಸನಿಲ್ಲದೆ ಗಿರಾಕಿಯುಂಟೇ?

ಕಾವೇರಿಯ ದಂಡೆಯ ಮೇಲೆ ಸ್ಕಾಟನ ಬಂಗಲೆಯೆಂಬದೊಂದು ಮನೆಯಿದೆ. ಕಾರ್ಖಾನೆಯ ಅಧಿಕಾರಿಯಾಗಿದ್ದ ಸ್ಕಾಟನ ಹೆಂಡತಿ ಮಕ್ಕಳು ಒಂದೇ ರಾತ್ರಿಯಲ್ಲಿ ವಾಂತಿಭೇದಿಯಿಂದ ತೀರಿಕೊಂಡರೆಂದೂ, ಅವನು ಇದ್ದುದನ್ನು ಇದ್ದಂತೆಯೇ ಬಿಟ್ಟು ಹೊರಟನೆಂದೂ ಜನರು ಕಥೆ ಹೇಳುವರು. ಅವನು ಅಲ್ಲಿ ಮಾಡಿಸುತ್ತಿದ್ದುದು ಏನೆಂಬದನ್ನು ಕೇಳಿದರೆ ಹೇಳಬಲ್ಲವರು ಬಹಳಿಲ್ಲ.